ಬೆಳೆಯುತ್ತಿರುವ ಗಂಟು: ಕಾಯಬೇಕಾ, ತೆಗೆಸಬೇಕಾ?

ಓದುಗರ ಪ್ರಶ್ನೆ, ಎದೆರೋಗ ವೈದ್ಯರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವಳಲ್ಲ. 2023ರ ಮಾರ್ಚ್‌ನಲ್ಲಿ ಕೆಮ್ಮು ಬಿಡದೆ ಎದೆಯ ಸಿ.ಟಿ. ಮಾಡಿಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ಗಂಟು ಕಂಡಿತು. ‘ಹಳೇ ಟಿ.ಬಿ. ಕಲೆ ಇರಬೇಕು, ಒಂದು ವರ್ಷ ಬಿಟ್ಟು ನೋಡೋಣ’ ಅಂದರು. 2024ರ ಮಾರ್ಚ್‌ನಲ್ಲಿ 8 ಮಿ.ಮೀ. ಬಂತು, ‘ಹೆಚ್ಚೇನೂ ಬದಲಾಗಿಲ್ಲ’ ಅಂತ ರಿಪೋರ್ಟ್. ಈ 2025ರ ಜನವರಿಯಲ್ಲಿ 11 ಮಿ.ಮೀ. ಆಗಿದೆ, ಅಂಚು ಮುಳ್ಳುಮುಳ್ಳಾಗಿದೆ ಎಂದು ಬರೆದಿದ್ದಾರೆ. ಪೆಟ್ ಸ್ಕ್ಯಾನ್‌ನಲ್ಲಿ ಗಂಟು ಸ್ವಲ್ಪ ಹೊಳೆದಿದೆ, ಬೇರೆಲ್ಲೂ ಏನೂ ಇಲ್ಲ. ಕಫದಲ್ಲಿ ಟಿ.ಬಿ. ಸಿಕ್ಕಿಲ್ಲ, ಆದರೆ ತೋಳಿಗೆ ಚುಚ್ಚಿ ನೋಡುವ ಟಿ.ಬಿ.ಯ ಮಾಂಟೂ ಟೆಸ್ಟ್ ಪಾಸಿಟಿವ್. ಒಬ್ಬ ಡಾಕ್ಟರು ಆರು ತಿಂಗಳು ಟಿ.ಬಿ. ಮಾತ್ರೆ ತಗೊಂಡು ನೋಡಿ ಅನ್ನುತ್ತಾರೆ. ಇನ್ನೊಬ್ಬರು ಸೂಜಿ ಹಾಕಿ ಪರೀಕ್ಷೆ ಮಾಡೋಣ ಅನ್ನುತ್ತಾರೆ. ಸರ್ಜನ್ ಒಬ್ಬರು ತೆಗೆದೇ ಬಿಡೋಣ ಅಂದರು. ನಮ್ಮ ಯಜಮಾನರು ‘ಕತ್ತಿ ಸೋಕಿದರೆ ಹರಡುತ್ತೆ’ ಅಂತ ಹಟ ಹಿಡಿದಿದ್ದಾರೆ. ಮೇ ತಿಂಗಳಲ್ಲಿ ಮಗಳ ಮದುವೆ ಇದೆ. ಡಾಕ್ಟರ ಹತ್ತಿರ ಹೋದಾಗೆಲ್ಲ ಮಗ ನನ್ನನ್ನು ಹೊರಗೆ ಕೂರಿಸಿ ಒಬ್ಬನೇ ಮಾತಾಡುತ್ತಾನೆ. ನಿಮ್ಮ ಸ್ವಂತ ಅಕ್ಕನಿಗೆ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ?
— ಹೆಸರು ಬೇಡ, ತರೀಕೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ನನ್ನ ಅಕ್ಕನಿಗಾಗಿದ್ದರೆ ಟಿ.ಬಿ. ಮಾತ್ರೆ ಶುರು ಮಾಡಲು ಬಿಡುತ್ತಿರಲಿಲ್ಲ. ಮೇವರೆಗೆ ಕಾಯಲೂ ಬಿಡುತ್ತಿರಲಿಲ್ಲ. ಇನ್ನು ಎರಡು ಮೂರು ವಾರದೊಳಗೆ ಆ ಗಂಟಿನ ಚೂರು ಲ್ಯಾಬಿಗೆ ಹೋಗುವ ಹಾಗೆ ಮಾಡುತ್ತಿದ್ದೆ. ಸೂಜಿಯಲ್ಲಿ ಸಿಕ್ಕರೆ ಸೂಜಿಯಲ್ಲಿ, ಸಿಗದಿದ್ದರೆ ಸರ್ಜನ್ ಕೈಯಲ್ಲಿ.

ನಿಮ್ಮ ಫಿಲ್ಮ್ ನಾನು ನೋಡಿಲ್ಲ. ನೀವು ಬರೆದಿದ್ದನ್ನು ನಂಬಿ ಹೇಳುತ್ತಿದ್ದೇನೆ. ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಮೂರೂ ಸಿ.ಟಿ.ಗಳ ಸಿ.ಡಿ.ಯನ್ನು ಒಟ್ಟಿಗೆ ತಗೊಂಡು ಹೋಗಿ, ಒಬ್ಬರೇ ರೇಡಿಯಾಲಜಿಸ್ಟ್ ಹತ್ತಿರ ಪಕ್ಕಪಕ್ಕ ಇಟ್ಟು ಅಳೆಯಿಸಿ. ರಿಪೋರ್ಟ್ ಹಾಳೆ ಸಾಲದು, ಚಿತ್ರಗಳೇ ಬೇಕು. ಸೌತೆಕಾಯಿಯನ್ನು ದಪ್ಪಗೆ ಹೆಚ್ಚಿದರೆ ಒಳಗಿನ ಬೀಜ ಅರ್ಧ ಕಂಡೀತು, ಕಾಣದೆಯೂ ಇದ್ದೀತು. ತೆಳ್ಳಗೆ ಹೆಚ್ಚಿದರೆ ಪೂರ್ತಿ ಕಾಣುತ್ತದೆ. ಸಿ.ಟಿ.ಯೂ ಹಾಗೇ. 2023ರಲ್ಲಿ 5 ಮಿ.ಮೀ. ದಪ್ಪದ ಹೋಳುಗಳಲ್ಲಿ ನೋಡಿ, ಈಗ 1 ಮಿ.ಮೀ. ಹೋಳುಗಳಲ್ಲಿ ನೋಡಿದ್ದರೆ, ಬೆಳೆಯದ ಗಂಟೂ ಬೆಳೆದಂತೆ ಕಾಣಬಹುದು. ಅಳೆಯುವವರ ಕೈಯಿಂದ ಕೈಗೂ ಒಂದೂವರೆ ಮಿ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ಅದಕ್ಕೇ 2 ಮಿ.ಮೀ. ದಾಟದೆ ‘ಬೆಳೆದಿದೆ’ ಅಂತ ನಾವು ಹೇಳುವುದಿಲ್ಲ. ಕಳೆದ ವರ್ಷ ‘ಬದಲಾಗಿಲ್ಲ’ ಎಂದು ಬರೆದವರನ್ನು ನಾನು ದೂರಲಾರೆ.

ಆದರೆ 7ರಿಂದ 11 ಅಂದರೆ 4 ಮಿ.ಮೀ. ಇಷ್ಟನ್ನು ಅಳತೆಯ ತಪ್ಪು ಅಂತ ತಳ್ಳಿಹಾಕುವುದು ಕಷ್ಟ. ನೀವು ಟೀಚರ್, ಲೆಕ್ಕ ನೀವೇ ಹಾಕಿ. ಗಂಟು ಉಂಡೆಯ ಹಾಗೆ ಇರುತ್ತದೆ, ಅಗಲ ನೋಡಿದರೆ ಸಾಲದು, ಗಾತ್ರ ನೋಡಬೇಕು. 7×7×7 ಅಂದರೆ 343. 11×11×11 ಅಂದರೆ 1331. ಹತ್ತಿರ ಹತ್ತಿರ ನಾಲ್ಕು ಪಟ್ಟು! ತಂಬಿಟ್ಟಿನ ಉಂಡೆ ಕಟ್ಟಿದವರಿಗೆ ಇದು ಗೊತ್ತಿರುತ್ತದೆ. ಉಂಡೆ ಒಂಚೂರು ದೊಡ್ಡದು ಮಾಡಿದರೂ ಹಿಟ್ಟು ಎಷ್ಟು ಜಾಸ್ತಿ ಹಿಡಿಯುತ್ತದೆ ಅಲ್ವಾ? ನಾಲ್ಕು ಪಟ್ಟು ಅಂದರೆ 22 ತಿಂಗಳಲ್ಲಿ ಎರಡು ಸಲ ದುಪ್ಪಟ್ಟಾಗಿದೆ. ಸುಮಾರು 11 ತಿಂಗಳಿಗೊಂದು ಸಲ.

ಈ ಲೆಕ್ಕ ಯಾಕೆ ಹಾಕಿಸಿದೆ ಅಂದರೆ, ಗಂಟಿನ ಗುಣ ಅದರ ವೇಗದಲ್ಲಿ ಸ್ವಲ್ಪ ಗೊತ್ತಾಗುತ್ತದೆ. ಸೋಂಕಿನ ಗಂಟು ಕೆಲವೇ ದಿನಗಳಲ್ಲಿ, ವಾರಗಳಲ್ಲಿ ಉಬ್ಬುತ್ತದೆ. ಹಳೇ ಕಲೆ ವರ್ಷಗಟ್ಟಲೆ ಹಾಗೇ ಇರುತ್ತದೆ, ಎರಡು ವರ್ಷ ಅಲುಗಾಡದ ಗಟ್ಟಿ ಗಂಟನ್ನು ನಾವು ನಿರಪಾಯ ಅಂತಲೇ ಎಣಿಸುತ್ತೇವೆ. ಗಟ್ಟಿಯಾದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ 20 ದಿನದಿಂದ 400 ದಿನದೊಳಗೆ ದುಪ್ಪಟ್ಟಾಗುತ್ತದೆ. ನಿಮ್ಮದು ಆ ಗೆರೆಯೊಳಗೇ ಬರುತ್ತದೆ. ಮೇಲ್ಭಾಗದಲ್ಲಿದೆ, ಅಂಚು ಮುಳ್ಳುಮುಳ್ಳು. ಇವೂ ಒಳ್ಳೆಯ ಗುರುತುಗಳಲ್ಲ. ಹಾಗಂತ ಇದು ಕ್ಯಾನ್ಸರೇ ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಟಿ.ಬಿ.ಯೂ ಮೇಲ್ಭಾಗವನ್ನೇ ಹಿಡಿಯುತ್ತದೆ, ನಿಧಾನವಾಗಿ ಬೆಳೆಯುವ ಟಿ.ಬಿ. ಗಂಟುಗಳನ್ನೂ ನೋಡಿದ್ದೇನೆ. ಫಂಗಸ್ ಗಂಟುಗಳೂ ಇರುತ್ತವೆ. ಚಿತ್ರ ನೋಡಿ ಇನ್ನು ಮುಂದೆ ಹೇಳಲಾಗುವುದಿಲ್ಲ, ಅಷ್ಟೇ.

ಪೆಟ್ ಸ್ಕ್ಯಾನ್‌ಗೂ ಅದೇ ಮಿತಿ. ಯಾವ ಜಾಗ ಸಕ್ಕರೆ ಜಾಸ್ತಿ ಹೀರುತ್ತಿದೆ ಎಂದಷ್ಟೇ ಅದು ತೋರಿಸುತ್ತದೆ. ಟಿ.ಬಿ.ಯೂ ಹೀರುತ್ತದೆ, ಕ್ಯಾನ್ಸರೂ ಹೀರುತ್ತದೆ. ನಿಧಾನದ ಕ್ಯಾನ್ಸರ್‌ಗಳು ಕೆಲವು ಸಲ ಮಂಕಾಗಿಯೇ ಇರುತ್ತವೆ. ನಿಮ್ಮ ಪೆಟ್‌ನಿಂದ ಸಿಕ್ಕ ನಿಜವಾದ ಒಳ್ಳೆಯ ಸುದ್ದಿ ಬೇರೆ: ಬೇರೆಲ್ಲೂ ಏನೂ ಹೊಳೆದಿಲ್ಲ. ಇದು ಕೆಟ್ಟದ್ದೇ ಆಗಿದ್ದರೂ ಇನ್ನೂ ಒಂದೇ ಜಾಗದಲ್ಲಿ ಇರುವ ಸಾಧ್ಯತೆ ಹೆಚ್ಚು. ಒಂದೇ ಜಾಗದಲ್ಲಿರುವಾಗ ತೆಗೆದರೆ ಪೂರ್ತಿ ವಾಸಿಯಾಗುವವರು ಬಹಳ ಜನ. ನಾನು ಅವಸರ ಮಾಡುತ್ತಿರುವುದು ಇದಕ್ಕೇ.

ಇನ್ನು ಮಾಂಟೂ. ನಮ್ಮ ದೇಶದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೈಯಲ್ಲಿ ಟಿ.ಬಿ. ರೋಗಾಣು ಸುಮ್ಮನೆ ಮಲಗಿರುತ್ತದೆ. ಅವರಿಗೆಲ್ಲ ಈ ಟೆಸ್ಟ್ ಪಾಸಿಟಿವ್ ಬರಬಹುದು. ನಿಮಗೂ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಗಂಟಿನೊಳಗೆ ಏನಿದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಟಿ.ಬಿ. ಮಾತ್ರೆ ವಿಚಾರದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣವಿದೆ. ಆಗ ನಾನಿನ್ನೂ ಹೊಸಬ, ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದೆ. ಐವತ್ತರ ಆಸುಪಾಸಿನ ಟೈಲರ್ ಒಬ್ಬರು ಬಂದರು. ಎಕ್ಸ್‌ರೇಯಲ್ಲಿ ಅಡಿಕೆಯಷ್ಟು ನೆರಳು. ಕಫ ಮೂರು ಸಲವೂ ನೆಗೆಟಿವ್. ‘ಟಿ.ಬಿ. ಅಂತಲೇ ತಿಳಿದು ಕೊಟ್ಟು ನೋಡೋಣ’ ಎಂದು ನಾನೇ ಮಾತ್ರೆ ಬರೆದೆ. ಎರಡು ತಿಂಗಳಿಗೆ ಅವರ ತೂಕ 3 ಕೆ.ಜಿ. ಏರಿತು. ನನಗೆ ಖುಷಿಯಾಯಿತು. ಮನೆಯವರು ದಿನಾ ಮೊಟ್ಟೆ, ಹಾಲು ಕೊಡಲು ಶುರು ಮಾಡಿದ್ದರು, ತೂಕ ಏರಿದ್ದು ಅದರಿಂದ. ಆರು ತಿಂಗಳ ಮೇಲೆ ಅವರು ಬಂದಾಗ ಕೈಯಲ್ಲೊಂದು ದಾರದ ಡಬ್ಬಿ ಇತ್ತು. ಒಂದು ದಿನವೂ ತಪ್ಪಿಸಿಲ್ಲ ಅಂತ ನನಗೆ ತೋರಿಸಲು ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಅದರಲ್ಲಿ ಸಾಲಾಗಿ ಜೋಡಿಸಿ ತಂದಿದ್ದರು. ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಅಡಿಕೆ ನಿಂಬೆಹಣ್ಣಾಗಿತ್ತು. ಬೆಂಗಳೂರಿಗೆ ಕಳಿಸಿದೆ, ಅಷ್ಟೊತ್ತಿಗೆ ಎದೆ ನಡುವಿನ ಗ್ರಂಥಿಗಳಿಗೆ ಹರಡಿತ್ತು. ಆಪರೇಷನ್ ಆಗುವುದಿಲ್ಲ ಅಂದರು. ಮಾತ್ರೆ ಚೆನ್ನಾಗಿಯೇ ಇತ್ತು, ಅವರು ತಗೊಂಡಿದ್ದೂ ಸರಿಯಾಗಿತ್ತು. ತಪ್ಪು ನನ್ನದು. ಆರು ತಿಂಗಳು ಅವರಿಂದ ಕಿತ್ತುಕೊಂಡವನು ನಾನು. ಆಮೇಲೆ ಟಿ.ಬಿ.ಯ ಪುರಾವೆ ಇಲ್ಲದೆ, ಬೆಳೆಯುತ್ತಿರುವ ಒಂಟಿ ಗಂಟಿಗೆ ನಾನು ಆ ಮಾತ್ರೆ ಬರೆದಿಲ್ಲ. ಗಂಟಿನ ಚೂರಿನಲ್ಲಿ ಟಿ.ಬಿ. ಸಿಕ್ಕರೆ ಮಾತ್ರೆ ಖಂಡಿತ ತಗೊಳ್ಳಿ, ಒಂದು ಡೋಸೂ ಬಿಡದೆ ತಗೊಳ್ಳಿ. ಅದೇ ಸಿಗಲಿ ಅಂತ ನಾನೂ ಹಾರೈಸುತ್ತೇನೆ.

ಈಗ ಸೂಜಿ. ಗಂಟು ಎದೆಗೋಡೆಗೆ ಹತ್ತಿರವಿದ್ದರೆ ಸಿ.ಟಿ. ನೋಡಿಕೊಂಡು ಹೊರಗಿನಿಂದ ಸೂಜಿ ಹಾಕುತ್ತಾರೆ. ಒಳಗೆ, ಉಸಿರುನಾಳದ ಪಕ್ಕ ಇದ್ದರೆ ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಉಸಿರುನಾಳದೊಳಗೆ ಕ್ಯಾಮೆರಾ ಇರುವ ನಳಿಗೆ ಇಳಿಸಿ, ಪ್ರಯತ್ನ ಮಾಡುತ್ತಾರೆ. ಹೊರಗಿನಿಂದ ಹಾಕಿದಾಗ ಸುಮಾರು ಐದರಲ್ಲಿ ಒಬ್ಬರಿಗೆ ಶ್ವಾಸಕೋಶದಿಂದ ಗಾಳಿ ಸೋರುತ್ತದೆ. ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ. ಕೆಲವರಿಗೆ ಎರಡು ಮೂರು ದಿನ ಟ್ಯೂಬ್ ಹಾಕಬೇಕಾಗುತ್ತದೆ. ಕಫದಲ್ಲಿ ಸ್ವಲ್ಪ ರಕ್ತ ಬರಬಹುದು, ಹೆದರಬೇಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.

ಸೂಜಿಯ ದಿನ ಒಂದು ವಿಷಯ ನಿಮ್ಮ ಮಗನಿಗೆ ಗೊತ್ತಿರಲಿ. ತೆಗೆದ ಚೂರನ್ನು ಲ್ಯಾಬಿಗೆ ಮುಟ್ಟಿಸುವ ಕೆಲಸ ನಮ್ಮಲ್ಲಿ ಎಷ್ಟೋ ಕಡೆ ಮನೆಯವರ ಮೇಲೇ ಬೀಳುತ್ತದೆ. ಹೊರಗೆ ಕಾಯುತ್ತಿರುವ ಮಗನ ಕೈಗೆ ಸಿಸ್ಟರ್ ಒಂದು ಸಣ್ಣ ಬಾಟಲಿ ಕೊಡುತ್ತಾರೆ, ಮೂಗಿಗೆ ಖಾರವಾಗಿ ಹೊಡೆಯುವ ನೀರು, ತಳದಲ್ಲಿ ಶಾವಿಗೆ ಎಳೆಯಷ್ಟು ಸಣ್ಣ ಬಿಳಿ ಚೂರು. ಆ ನೀರು ಫಾರ್ಮಲಿನ್. ಕ್ಯಾನ್ಸರ್ ನೋಡಲು ಅದೇ ಬೇಕು. ಆದರೆ ಫಾರ್ಮಲಿನ್‌ನಲ್ಲಿ ಬಿದ್ದ ಟಿ.ಬಿ. ರೋಗಾಣು ಸತ್ತುಹೋಗುತ್ತದೆ, ಆಮೇಲೆ ಕಲ್ಚರ್ ಮಾಡಲು, ಅಂದರೆ ಅದನ್ನು ಬೆಳೆಸಿ ನೋಡಲು, ಆಗುವುದಿಲ್ಲ. ಅದಕ್ಕೇ ಎರಡು ಬಾಟಲಿ ಇರಬೇಕು. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಸಲೈನ್‌ನದು ಟಿ.ಬಿ. ಕಲ್ಚರ್‌ಗೆ, ಟಿ.ಬಿ.ಯನ್ನು ಬೇಗ ಪತ್ತೆಹಚ್ಚುವ ಜೀನ್‌ಎಕ್ಸ್‌ಪರ್ಟ್ ಟೆಸ್ಟ್‌ಗೆ, ಫಂಗಸ್ ಪರೀಕ್ಷೆಗೆ ಹೋಗಬೇಕು. ಸೂಜಿ ಹಾಕುವ ಮೊದಲೇ ಕೇಳಿ: ‘ಎರಡು ಬಾಟಲಿ ಕಳಿಸುತ್ತೀರಾ?’ ಈ ಒಂದು ಮಾತು ಕೇಳದೆ, ಎರಡನೇ ಸಲ ಸೂಜಿ ಹಾಕಿಸಿಕೊಂಡವರು ಎಷ್ಟೋ ಮಂದಿ ನನ್ನ ಹತ್ತಿರ ಬಂದಿದ್ದಾರೆ.

ರಿಪೋರ್ಟ್ ಬಂದ ಮೇಲೂ ಸ್ವಲ್ಪ ಎಚ್ಚರ ಬೇಕು. ‘ಕ್ಯಾನ್ಸರ್ ಕಣ ಕಂಡಿಲ್ಲ, ಬರೀ ಉರಿಯೂತ’ ಅಂತ ಬಂದರೆ ಮನೆಯವರೆಲ್ಲ ದೇವರಿಗೆ ಕಾಯಿ ಒಡೆಸಿ ಸುಮ್ಮನಾಗಿಬಿಡುತ್ತಾರೆ. 11 ಮಿ.ಮೀ. ಅಂದರೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಉಸಿರಾಡಿದಾಗ ಅದೂ ಅಲ್ಲಾಡುತ್ತದೆ. ಸೂಜಿ ಪಕ್ಕಕ್ಕೆ ಹೋಗಿರಬಹುದು. ಟಿ.ಬಿ., ಫಂಗಸ್, ಹಮಾರ್ಟೋಮಾ (ಕ್ಯಾನ್ಸರ್ ಅಲ್ಲದ ಒಂದು ಗಂಟು) ಹೀಗೆ ಒಂದು ಹೆಸರು ಬಂದರೆ ಆ ರಿಪೋರ್ಟ್ ನಂಬಬಹುದು. ಹೆಸರೇ ಇಲ್ಲದ ‘ಉರಿಯೂತ’ ಅಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಆಗ ಸರ್ಜನ್ ಹತ್ತಿರ ಹೋಗಿ.

ಆ ಸರ್ಜನ್ ನಿಮಗೆ ಹೇಳಿದ್ದೂ ತಪ್ಪು ಸಲಹೆ ಅಲ್ಲ. ಸೂಜಿ ಬಿಟ್ಟು ನೇರವಾಗಿ ತೆಗೆಯುವುದೂ ಒಪ್ಪಿತವಾದ ದಾರಿಯೇ. ಆದರೆ ಟಿ.ಬಿ. ಇಷ್ಟೊಂದು ಇರುವ ನಾಡಿನಲ್ಲಿ, ಸೂಜಿ ತಲುಪುವ ಜಾಗದಲ್ಲಿ ಗಂಟಿದ್ದರೆ ಮೊದಲು ಸೂಜಿ ಅನ್ನುವುದು ನನ್ನ ಅಭಿಪ್ರಾಯ. ತಲುಪದಿದ್ದರೆ ಅಥವಾ ಏನೂ ಸಿಗದಿದ್ದರೆ, ಪಕ್ಕೆಯಲ್ಲಿ ಎರಡು ಮೂರು ಸಣ್ಣ ತೂತು ಮಾಡಿ ಕ್ಯಾಮೆರಾ ಇಟ್ಟು ಗಂಟನ್ನು ಸುತ್ತಲಿನ ಒಂದಿಷ್ಟು ಭಾಗದ ಜೊತೆ ತೆಗೆಯುತ್ತಾರೆ. ನೀವು ಮಂಪರಿನಲ್ಲಿ ಇರುವಾಗಲೇ ಅದನ್ನು ಹೆಪ್ಪುಗಟ್ಟಿಸಿ ನೋಡುತ್ತಾರೆ. ಇದಕ್ಕೆ ಫ್ರೋಜನ್ ಸೆಕ್ಷನ್ ಅನ್ನುತ್ತಾರೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಟಿ.ಬಿ. ಅಂತ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಕ್ಯಾನ್ಸರ್ ಅಂತ ಬಂದರೆ ಆ ಭಾಗವನ್ನು ಪೂರ್ತಿ ತೆಗೆದು, ಪಕ್ಕದ ಗ್ರಂಥಿಗಳನ್ನೂ ತೆಗೆದು ನೋಡುತ್ತಾರೆ. ಬಲಗಡೆ ಶ್ವಾಸಕೋಶಕ್ಕೆ ಮೂರು ಹಾಲೆ, ಅಂದರೆ ಮೂರು ದೊಡ್ಡ ಭಾಗ. ಮೊದಲೆಲ್ಲ ಒಂದು ಹಾಲೆ ಪೂರ್ತಿ ಹೋಗುತ್ತಿತ್ತು. 2 ಸೆಂ.ಮೀ. ಒಳಗಿನ ಗಂಟುಗಳಿಗೆ ಹಾಲೆಯ ಒಂದು ತುಂಡು ತೆಗೆದರೂ ಸಾಕಾಗುತ್ತದೆ ಎಂದು ಜಪಾನ್ ಮತ್ತು ಅಮೆರಿಕದ ದೊಡ್ಡ ಅಧ್ಯಯನಗಳು 2022, 2023ರಲ್ಲಿ ತೋರಿಸಿವೆ. ನಿಮ್ಮ ಗಂಟಿಗೆ ಅದು ಆಗುತ್ತದಾ ಅಂತ ಸರ್ಜನ್‌ನ್ನು ಕೇಳಿ. ‘ಫ್ರೋಜನ್ ಸೆಕ್ಷನ್ ನಿಮ್ಮಲ್ಲಿ ಇದೆಯಾ’ ಅಂತಲೂ ಕೇಳಿ. ಇಲ್ಲದ ಕಡೆ ಮಾಡಿಸಬೇಡಿ.

ಯಜಮಾನರಿಗೆ ಇದನ್ನು ಓದಿ ಹೇಳಿ. ಕತ್ತಿ ಸೋಕಿದರೆ ಹರಡುತ್ತೆ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಆಗೆಲ್ಲ ಸಿ.ಟಿ. ಇರಲಿಲ್ಲ. ಎದೆ ತೆರೆದು ನೋಡುವ ಹೊತ್ತಿಗೆ ಕಾಯಿಲೆ ಆಗಲೇ ಹರಡಿರುತ್ತಿತ್ತು, ಮುಚ್ಚಿ ಕಳಿಸುತ್ತಿದ್ದರು, ಎರಡು ಮೂರು ತಿಂಗಳಲ್ಲಿ ಆ ವ್ಯಕ್ತಿ ತೀರಿಕೊಳ್ಳುತ್ತಿದ್ದರು. ಊರಿನವರಿಗೆ ಕಂಡಿದ್ದು ಆಪರೇಷನ್, ಆಮೇಲೆ ಸಾವು. ಅವರ ಭಯ ನನಗೆ ಅರ್ಥವಾಗುತ್ತದೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಮುಟ್ಟದೆ ಬಿಟ್ಟ ಗಂಟು ಹರಡುವುದು ಅಪರೂಪವಲ್ಲ.

‘ನಾನು ಸಿಗರೇಟು ಮುಟ್ಟಿದವಳಲ್ಲ’ ಅಂತ ಬರೆದಿದ್ದೀರಿ. ನಮ್ಮ ಹೆಣ್ಣುಮಕ್ಕಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಮುಟ್ಟಿದವರಲ್ಲ. ಸೌದೆ ಒಲೆಯ ಹೊಗೆ, ಮನೆಯಲ್ಲಿ ಬೇರೆಯವರು ಸೇದಿದ ಹೊಗೆ ಕಾರಣವಾಗಬಹುದು, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ನೀವು ಏನೂ ತಪ್ಪು ಮಾಡಿಲ್ಲ.

ಮಗನ ವಿಷಯ. ಅವನಿಗೆ ಅಮ್ಮ ಹೆದರಬಾರದು ಅಂತ ಆಸೆ. ಆದರೆ ಹೊರಗಿನ ಬೆಂಚಿನ ಮೇಲೆ ಕೂತವರು ಒಳಗೆ ಕೂತವರಿಗಿಂತ ಜಾಸ್ತಿ ಹೆದರಿರುತ್ತಾರೆ. ಇಷ್ಟು ವರ್ಷ ಬೆಂಚುಗಳ ಮೇಲಿನ ಆ ಮುಖಗಳನ್ನು ನೋಡಿದ್ದೇನೆ. ಮುಂದಿನ ಸಲ ನೀವೂ ಒಳಗೆ ಹೋಗಿ, ನೀವೇ ಕೇಳಿ. ಸಹಿ ಹಾಕಬೇಕಾದವರು ನೀವು. ದುಡ್ಡಿನ ಚಿಂತೆ ಇದ್ದರೆ, ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಯಾವ ಆಸ್ಪತ್ರೆಗಳು ಪಟ್ಟಿಯಲ್ಲಿವೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಮದುವೆ. ಎರಡು ವಾರ ಆಚೀಚೆ ಆದರೆ ಈ ವೇಗದ ಗಂಟಿನಲ್ಲಿ ಏನೂ ಕೆಡುವುದಿಲ್ಲ. ಒಳ್ಳೆಯ ಜಾಗ ಹುಡುಕಲು, ಉಸಿರಿನ ಪರೀಕ್ಷೆ, ಹೃದಯದ ಪರೀಕ್ಷೆ ಮಾಡಿಸಲು ಆ ಸಮಯ ಬಳಸಿ. ಆದರೆ ನಾಲ್ಕು ತಿಂಗಳು ಬೇಡ. ಫೆಬ್ರುವರಿಯಲ್ಲಿ ಸೂಜಿ, ಬೇಕೇ ಆದರೆ ಮಾರ್ಚ್ ಮೊದಲಲ್ಲಿ ಆಪರೇಷನ್ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಆಪರೇಷನ್ ಆದವರು ಸಾಮಾನ್ಯವಾಗಿ ಒಂದು ವಾರದೊಳಗೆ ಮನೆಗೆ ಬರುತ್ತಾರೆ, ನಾಲ್ಕಾರು ವಾರದಲ್ಲಿ ಓಡಾಡಿಕೊಂಡಿರುತ್ತಾರೆ. ಪಕ್ಕೆಯಲ್ಲಿ ಸ್ವಲ್ಪ ಜೋಮು, ಚುಚ್ಚಿದ ಹಾಗೆ ನೋವು ಇನ್ನೂ ಇರಬಹುದು. ಪಾತ್ರೆ, ಮೂಟೆ ಎತ್ತುವುದು ಬೇರೆಯವರಿಗಿರಲಿ. ಧಾರೆಗೆ ನೀವೇ ಕೂತುಕೊಳ್ಳಬಹುದು.

ಪ್ರಶ್ನೆ: ನನಗೆ 41. ಸಿಗರೇಟು ಅಭ್ಯಾಸವಿಲ್ಲ. ಬೈಕಿನಿಂದ ಬಿದ್ದಾಗ ಪಕ್ಕೆಲುಬು ನೋಡಲು ಮಾಡಿದ ಸಿ.ಟಿ.ಯಲ್ಲಿ 4 ಮಿ.ಮೀ. ಗಂಟು ಇದೆ ಅಂತ ಬಂದಿದೆ. ನಿದ್ದೆ ಬರುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಸಿ.ಟಿ. ಮಾಡಿಸಲಾ?
— ಓದುಗ, ಬೆಳಗಾವಿ

ಉತ್ತರ: ಬೇಡ. ಮೇಲಿನ ಪತ್ರ ಓದಿ ನಿಮ್ಮದೂ ಹಾಗೇ ಅಂದುಕೊಳ್ಳಬೇಡಿ. 6 ಮಿ.ಮೀ. ಒಳಗಿನ ಗಂಟು, ಸಿಗರೇಟು ಸೇದದವರು, ಮೊದಲು ಯಾವ ಕ್ಯಾನ್ಸರೂ ಇಲ್ಲದವರು ಅಂದರೆ, ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ರೇಡಿಯಾಲಜಿಸ್ಟ್‌ಗಳು ಬಳಸುವ 2017ರ ಫ್ಲೈಷ್ನರ್ ನಿಯಮದ ಪ್ರಕಾರ ಇಂಥದ್ದಕ್ಕೆ ಮತ್ತೆ ಸಿ.ಟಿ.ಯೇ ಬೇಕಿಲ್ಲ. ನಮ್ಮ ಕಡೆ ಎಲ್ಲರ ಎದೆಯ ಸಿ.ಟಿ. ತೆಗೆದರೆ ಇಂಥ ಸಣ್ಣ ಕಲೆಗಳು ಎಷ್ಟೋ ಜನರಲ್ಲಿ ಕಂಡಾವು. ಸಿ.ಡಿ. ಮಾತ್ರ ಬಿಸಾಡಬೇಡಿ. ಮುಂದೆ ಎಂದಾದರೂ ಬೇರೆ ಕಾರಣಕ್ಕೆ ಸಿ.ಟಿ. ಆದರೆ ಹೋಲಿಸಲು ಬೇಕಾಗುತ್ತದೆ.

ಪ್ರಶ್ನೆ: ಅಪ್ಪನಿಗೆ 74. ನಲವತ್ತು ವರ್ಷ ಬೀಡಿ ಸೇದಿದ್ದಾರೆ, ಈಗಲೂ ದಿನಕ್ಕೆ ನಾಲ್ಕೈದು. ಗಂಟು ಎಂಟು ತಿಂಗಳಲ್ಲಿ 9ರಿಂದ 14 ಮಿ.ಮೀ. ಆಗಿದೆ. ಉಸಿರಿನ ಶಕ್ತಿ ಕಡಿಮೆ ಇದೆ, ಆಪರೇಷನ್ ತಡೆಯಲ್ಲ ಅಂದರು. ಹಾಗಾದರೆ ಏನೂ ಮಾಡುವ ಹಾಗಿಲ್ಲವಾ?
— ಮಗಳು, ಗದಗ ಜಿಲ್ಲೆ

ಉತ್ತರ: ಇದೆ, ಮಾಡುವ ಹಾಗಿದೆ. ಆಪರೇಷನ್ ತಡೆಯದವರಿಗೆ ಎಸ್‌ಬಿಆರ್‌ಟಿ ಅನ್ನುವ ವಿಕಿರಣ ಚಿಕಿತ್ಸೆ ಇದೆ. ಗಂಟಿನ ಮೇಲಷ್ಟೇ ಗುರಿಯಿಟ್ಟು ಜೋರಾದ ಡೋಸ್ ಕೊಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಐದು ಸಲ, ಕೆಲವೊಮ್ಮೆ ಎಂಟು ಸಲ. ಕೊಯ್ಯುವುದಿಲ್ಲ, ಮಂಪರು ಕೊಡುವುದಿಲ್ಲ, ಹೋಗಿ ಮಲಗಿ ಎದ್ದು ಬರುವುದು. ಸಣ್ಣ ಗಂಟುಗಳನ್ನು ಇದು ಚೆನ್ನಾಗಿ ಹತೋಟಿಗೆ ತರುತ್ತದೆ. ಎಲ್ಲ ಊರುಗಳಲ್ಲೂ ಇಲ್ಲ, ಬೆಂಗಳೂರಿನಂಥ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲಿದೆ.

ಅವರ ಶ್ವಾಸಕೋಶ ದುರ್ಬಲವಾಗಿರುವುದರಿಂದ ಸೂಜಿಯೂ ಅಪಾಯವಾಗಬಹುದು. ಗಾಳಿ ಸೋರಿದರೆ ತಡೆದುಕೊಳ್ಳುವ ಶಕ್ತಿ ಅವರಿಗೆ ಕಡಿಮೆ. ಹಾಗಾಗಿ ಎದೆರೋಗದವರು, ಸರ್ಜನ್, ರೇಡಿಯೇಷನ್ ಡಾಕ್ಟರು ಒಟ್ಟಿಗೆ ಕೂತು ಮಾತಾಡುವ ಟ್ಯೂಮರ್ ಬೋರ್ಡ್‌ನಲ್ಲಿ ಅಪ್ಪನ ಫಿಲ್ಮ್ ಇಡಿಸಿ. ಸೂಜಿ ಹಾಕುವುದೇ ಅಪಾಯ ಅನ್ನಿಸಿದರೆ, ಬೆಳವಣಿಗೆ ಮತ್ತು ಪೆಟ್ ನೋಡಿಕೊಂಡೇ ವಿಕಿರಣ ಕೊಡುವುದೂ ಉಂಟು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ರೆಫರಲ್ ಚೀಟಿ ಅಲ್ಲಿಂದಲೇ ತಗೊಂಡು ಹೊರಡಿ.

ಬೀಡಿ ಇವತ್ತೇ ನಿಲ್ಲಬೇಕು. ‘ಈ ವಯಸ್ಸಲ್ಲಿ ಯಾಕೆ’ ಅಂತ ಅವರು ಕೇಳುತ್ತಾರೆ. ಚಿಕಿತ್ಸೆ ತಡೆಯುವುದಕ್ಕೆ ಅಂತ ಹೇಳಿ. ಇನ್‌ಹೇಲರ್ ಸರಿಯಾಗಿ ತಗೊಳ್ಳುತ್ತಾರಾ ಅಂತ ನೀವೇ ಎದುರಿಗೆ ಕೂತು ಒಮ್ಮೆ ನೋಡಿ. ತಪ್ಪಾಗಿ ಎಳೆಯುವವರು ತುಂಬಾ ಜನ. ಎರಡು ವಾರ ಸರಿಯಾಗಿ ತಗೊಂಡ ಮೇಲೆ ಉಸಿರಿನ ಪರೀಕ್ಷೆ ಮತ್ತೆ ಮಾಡಿಸಿ, ಆ ಹೊಸ ಅಂಕಿಯನ್ನು ಸರ್ಜನ್‌ಗೆ ಇನ್ನೊಂದು ಸಲ ತೋರಿಸಿ.